ಹಿತ್ತಲಿನ ಪ್ಲಂಜ್ ಪೂಲ್‌ಗೆ ಯಾವ ಬಣ್ಣ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 4 ಮೀಟರ್ ಉದ್ದ, 2.5 ಮೀಟರ್ ಅಗಲ, 1.4 ಮೀಟರ್ ಆಳದ ಪುಟ್ಟ ಕೊಳ. ಕಾಂಕ್ರೀಟ್ ತೊಟ್ಟಿ ಸಿದ್ಧವಾಗಿದೆ, ಒಳಮೈ ಕೆಲಸ ಬಾಕಿ ಇದೆ. ಎರಡು ಕಡೆ ಎತ್ತರದ ಗೋಡೆ, ಮೂಲೆಯಲ್ಲಿ ಒಂದು ಮರ, ಮನೆಯಲ್ಲಿ ಆರು ವರ್ಷದ ಮಗು. ನಿಮಗೆ ಗಾಢ ಬೂದು ಇಷ್ಟವಾಗಿದೆ, ಮನೆಯವರಿಗೆ ಬಿಳಿ, ಕೆಲಸದವರು ಎಲ್ಲರೂ ಹಾಕಿಸುವ ನೀಲಿಯನ್ನೇ ಹಾಕಿಸಿ ಎನ್ನುತ್ತಿದ್ದಾರೆ. ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ.

ನಾನಾಗಿದ್ದರೆ ತಿಳಿ ಬೂದು ಹಾಕಿಸುತ್ತಿದ್ದೆ. ಅದು ನಿಮ್ಮ ಮೂರರಲ್ಲಿ ಇಲ್ಲ. ಆದರೂ ಅದನ್ನೇ ಹೇಳುತ್ತಿದ್ದೇನೆ, ಏಕೆಂದರೆ ಹೆಚ್ಚುಕಡಿಮೆ ಇದೇ ಅಳತೆಯ ಕೊಳಕ್ಕೆ ಮೊದಲು ಗಾಢ ಬೂದು ಬಣ್ಣದ ಗಿಲಾವು ಮಾಡಿಸಿ, ಎರಡು ವರ್ಷ ಅದರೊಡನೆ ಬದುಕಿ, ಕೊನೆಗೆ ಕೆತ್ತಿ ತೆಗೆಸಿ ತಿಳಿ ಬೂದು ಮಾಡಿಸಿದವನು ನಾನು.

ಮೊದಲು ನೀರಿನ ವಿಷಯ. ನೀರಿಗೆ ಬಣ್ಣವಿಲ್ಲ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಲೋಟದ ನೀರಿನ ಮಟ್ಟಿಗೆ ಅದು ಸರಿ. ಆದರೆ ಶುದ್ಧ ನೀರು ಕೆಂಪು ಬೆಳಕನ್ನು ನಿಧಾನವಾಗಿ ಹೀರುತ್ತದೆ, ನೀಲಿಯನ್ನು ಬಹುತೇಕ ಮುಟ್ಟುವುದಿಲ್ಲ. ನಿಮ್ಮ ಕೊಳದಲ್ಲಿ ಬೆಳಕು 1.4 ಮೀಟರ್ ಇಳಿದು, ತಳಕ್ಕೆ ತಾಗಿ, ಮತ್ತೆ 1.4 ಮೀಟರ್ ಏರಿ ಕಣ್ಣಿಗೆ ಬರುತ್ತದೆ. ಈ 2.8 ಮೀಟರ್ ದಾರಿಯಲ್ಲಿ ಕೆಂಪು ಬೆಳಕಿನ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದುಹೋಗುತ್ತದೆ. ನೀಲಿ ಹೋದ ಹಾಗೆಯೇ ಮರಳಿ ಬರುತ್ತದೆ. ಹಾಗಾಗಿ ನೀವು ಯಾವ ಬಣ್ಣ ಹಾಕಿಸಿದರೂ ನೀರು ಅದರಿಂದ ಒಂದಷ್ಟು ಕೆಂಪನ್ನು ತೆಗೆದೇ ತೋರಿಸುತ್ತದೆ. ಬಿಳಿ ತಳ ತೆಳು ನೀಲಿಯಾಗುತ್ತದೆ. ಮರಳಿನ ಬಣ್ಣದ ತಳದಲ್ಲಿ ಹಳದಿ ಇರುವುದರಿಂದ ನೀರು ಹಸಿರು ಬೆರೆತ ನೀಲಿಗೆ ತಿರುಗುತ್ತದೆ. ಇಟ್ಟಿಗೆಗೆಂಪು, ಕಂದು ಬಣ್ಣಗಳು ಒಣ ಮಾದರಿಯಲ್ಲಿ ಎಷ್ಟೇ ಬೆಚ್ಚಗೆ ಕಂಡರೂ ನೀರಿನಡಿಯಲ್ಲಿ ಮಂಕಾಗುತ್ತವೆ. ತಿಳಿ ಬೂದು ಬಿಳಿಗಿಂತ ತುಸು ಹೆಚ್ಚು ನೀಲಿಯಾಗಿ ಕಾಣುವುದೂ ಇದಕ್ಕೇ: ಮೇಲಕ್ಕೆ ಮರಳುವ ಬೆಳಕು ಒಟ್ಟಾರೆ ಕಡಿಮೆಯಾಗಿ, ನೀರಿನದೇ ನೀಲಿ ಎದ್ದು ಬರುತ್ತದೆ.

ದೊಡ್ಡ ಈಜುಕೊಳಗಳ ಚಿತ್ರ ನೋಡಿ ಬಣ್ಣ ಆರಿಸಿದರೆ ಪುಟ್ಟ ಕೊಳದಲ್ಲಿ ತಪ್ಪುವುದು ಇಲ್ಲಿಯೇ. ಅಲ್ಲಿ ತೆರೆದ ಆಕಾಶ, ನಡು ಮಧ್ಯಾಹ್ನದ ಬಿಸಿಲು, ಹರವಾದ ತಳ. ನಮ್ಮದರಲ್ಲಿ ತಳ ಚಿಕ್ಕದು, ಗೋಡೆಗಳ ಪಾಲು ಹೆಚ್ಚು, ಮತ್ತು ಆ ಗೋಡೆಗಳ ನೆರಳು ತಳದ ಮೇಲೆಯೇ ಬೀಳುತ್ತದೆ. ಬಿಸಿಲು ಓರೆಯಾದ ಕೂಡಲೇ ಅರ್ಧ ಕೊಳ ಕತ್ತಲಿಗೆ ಸರಿಯುತ್ತದೆ. ಪುಟ್ಟ ಕೊಳದಲ್ಲಿ ಪ್ರತಿಯೊಂದು ಬಣ್ಣವೂ ಮಾದರಿ ಫಲಕದಲ್ಲಿ ಕಂಡದ್ದಕ್ಕಿಂತ ಗಾಢವಾಗಿಯೇ ಕಾಣುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಕೈಯಲ್ಲಿ ಹಿಡಿದು ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ಆರಿಸಿ.

ಗಾಢ ಬೂದಿನ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ಗುಟ್ಟು ಪ್ರತಿಬಿಂಬ. ನೀರಿನ ಅಂಚಿನಲ್ಲಿ ನಿಂತು ನೇರ ಕೆಳಗೆ ನೋಡಿದರೆ ಮೇಲ್ಮೈ ಶೇಕಡಾ 2ರಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ, ಉಳಿದದ್ದು ತಳದ ಬಣ್ಣ. ಐದು ಮೀಟರ್ ದೂರದಲ್ಲಿ ಕುರ್ಚಿಯ ಮೇಲೆ ಕುಳಿತು ನೋಡಿದರೆ ಅದು ಸುಮಾರು ಕಾಲು ಭಾಗಕ್ಕೆ ಏರುತ್ತದೆ. ತಳ ಬಿಳಿಯಾಗಿದ್ದರೆ ಆಗಲೂ ತಳವೇ ಗೆಲ್ಲುತ್ತದೆ. ತಳ ಕಪ್ಪಾಗಿದ್ದರೆ ಅಲ್ಲಿಂದ ಬರುವ ಬೆಳಕು ಅತ್ಯಲ್ಪ, ಹಾಗಾಗಿ ಕೊಳ ಕನ್ನಡಿಯಾಗಿಬಿಡುತ್ತದೆ. ಮೇಲೆ ಮೋಡವಿದ್ದರೆ ಮೋಡ, ಎಲೆಯಿದ್ದರೆ ಎಲೆ. ಸಂಜೆ ಹೊತ್ತು ಅದನ್ನು ನೋಡುತ್ತ ಕೂರುವುದು ನಿಜಕ್ಕೂ ಸುಖ. ಆದರೆ ಕನ್ನಡಿ ಎದುರಿಗಿರುವುದನ್ನೇ ತೋರಿಸುತ್ತದೆ. ನನ್ನ ಕುರ್ಚಿಯಿಂದ ಕಾಣುತ್ತಿದ್ದದ್ದು ಆಕಾಶವಲ್ಲ, ಆಚೆಯ ಕಾಂಪೌಂಡ್ ಗೋಡೆ. ಆಕಾಶದ ತುಂಡೊಂದು ಹಿತ್ತಲಿಗೆ ಇಳಿದು ಬರುತ್ತದೆ ಎಂದುಕೊಂಡಿದ್ದೆ, ಸಿಕ್ಕಿದ್ದು ತಲೆಕೆಳಗಾದ ಗೋಡೆ. ಬಣ್ಣ ತೀರ್ಮಾನಿಸುವ ಮೊದಲು ನೀವು ಸಾಮಾನ್ಯವಾಗಿ ಕೂರುವ ಜಾಗದಲ್ಲಿ ಕುಳಿತು, ಕೊಳದ ಆಚೆ ದಡದ ಮೇಲೆ ಏನಿದೆ ಎಂದು ನೋಡಿ. ಗಾಢ ಬಣ್ಣ ಹಾಕಿಸಿದರೆ ದಿನವೂ ನೀವು ನೀರಿನಲ್ಲಿ ನೋಡುವುದು ಅದನ್ನೇ.

ಆದರೂ ನಾನು ಬಣ್ಣ ಬದಲಿಸಿದ್ದು ಗೋಡೆಯ ನೋಟಕ್ಕಾಗಿ ಅಲ್ಲ. ಒಂದು ಸಂಜೆ ನನ್ನ ತಂದೆ ಕೊಳಕ್ಕೆ ಇಳಿಯುತ್ತಿದ್ದರು. ಮೆಟ್ಟಿಲುಗಳೂ ತಳವೂ ಒಂದೇ ಬಣ್ಣ. ಎರಡನೆಯ ಮೆಟ್ಟಿಲನ್ನೇ ತಳವೆಂದು ಭಾವಿಸಿ ಮುಂದಕ್ಕೆ ಕಾಲಿಟ್ಟರು, ಅಲ್ಲಿ ನೆಲವಿರಲಿಲ್ಲ. ಅಂಚನ್ನು ಹಿಡಿದುಕೊಂಡದ್ದರಿಂದ ಮೊಣಕಾಲು ತರಚಿದ್ದಷ್ಟೇ. ಆದರೆ ಅವರು ನೀರಿನಲ್ಲಿ ತಡವರಿಸಿದ ಆ ಎರಡು ಕ್ಷಣ, ಎದೆಯಿಂದ ಕೆಳಗೆ ಅವರ ದೇಹ ನನಗೆ ಕಾಣಿಸಲೇ ಇಲ್ಲ. ಅದೇ ಜಾಗದಲ್ಲಿ ಒಂದು ಮಗು ತಳದಲ್ಲಿದ್ದರೆ ನನಗೆ ಕಾಣುತ್ತಿತ್ತೇ ಎಂಬ ಯೋಚನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ನೀರು ಹೇಗೂ ಆಳವನ್ನು ಮರೆಮಾಚುತ್ತದೆ. ಅದರ ವಕ್ರೀಭವನ ಸೂಚ್ಯಂಕ 1.33 ಆಗಿರುವುದರಿಂದ ನೇರ ಮೇಲಿನಿಂದ ನೋಡಿದರೂ 1.4 ಮೀಟರ್ ಆಳ 1.05 ಮೀಟರ್‌ನಂತೆ ಕಾಣುತ್ತದೆ, ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಅದರ ಮೇಲೆ ತಳವೂ ಕಪ್ಪಾಗಿದ್ದರೆ ಕಣ್ಣಿಗೆ ಅಳೆಯಲು ಯಾವ ಆಧಾರವೂ ಉಳಿಯುವುದಿಲ್ಲ. ಸಾರ್ವಜನಿಕ ಕೊಳಗಳ ತಳ ಬಿಳಿ ಅಥವಾ ತಿಳಿ ಬಣ್ಣದ್ದೇ ಇರಬೇಕು ಎಂದು ಅನೇಕ ಕಡೆ ನಿಯಮವಿರುವುದು ಅಂದಕ್ಕಾಗಿ ಅಲ್ಲ. ತಳದಲ್ಲಿ ಬಿದ್ದಿರುವ ಮನುಷ್ಯ ದಡದಿಂದ ಕಾಣಬೇಕು ಎಂಬುದಕ್ಕಾಗಿ. ಮನೆಯ ಕೊಳಕ್ಕೆ ಆ ನಿಯಮ ಅನ್ವಯಿಸದಿರಬಹುದು, ಅದರ ಹಿಂದಿರುವ ಕಾರಣ ಅನ್ವಯಿಸುತ್ತದೆ. ನಿಮ್ಮ ಮನೆಯಲ್ಲಿ ಆರು ವರ್ಷದ ಮಗುವಿದೆ. ಈ ಒಂದು ಕಾರಣಕ್ಕೇ ಗಾಢ ಬೂದನ್ನು ಪಟ್ಟಿಯಿಂದ ತೆಗೆದುಹಾಕಿ ಎಂದು ಕೇಳಿಕೊಳ್ಳುತ್ತೇನೆ. ಗಾಢ ಬಣ್ಣದ ಮೇಲೆ ಅಷ್ಟು ಮನಸ್ಸಿದ್ದರೆ ಅದನ್ನು ಮೆಟ್ಟಿಲಿನ ಅಂಚಿಗೆ ತನ್ನಿ. ಪ್ರತಿ ಮೆಟ್ಟಿಲಿನ ತುದಿಗೆ ಐದು ಸೆಂಟಿಮೀಟರ್ ಅಗಲದ ಕಡುನೀಲಿ ಟೈಲ್ಸ್ ಪಟ್ಟಿ ಹಾಕಿಸಿ. ತಂದೆಯವರು ಈಗ ಆ ಪಟ್ಟಿಗಳನ್ನು ಎಣಿಸಿಕೊಂಡೇ ಇಳಿಯುತ್ತಾರೆ.

ಗಾಢ ಬಣ್ಣದಿಂದ ನೀರು ಬೆಚ್ಚಗಾಗುತ್ತದೆ ಎಂದು ನೀವು ಕೇಳಿದ್ದೀರಂತೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಸೂರ್ಯನ ಶಾಖದಲ್ಲಿ ಸುಮಾರು ಅರ್ಧ ಅವಗೆಂಪು ಕಿರಣಗಳದು. ಅದರ ಬಹುಪಾಲನ್ನು ತಳಕ್ಕೆ ಮುಟ್ಟುವ ಮೊದಲೇ ನೀರು ಹೀರಿಕೊಳ್ಳುತ್ತದೆ, ತಳ ಯಾವ ಬಣ್ಣದ್ದಾದರೂ ಸರಿ. ಬಣ್ಣದ ಪ್ರಭಾವ ಉಳಿದ ಭಾಗಕ್ಕೆ ಮಾತ್ರ, ಅದೂ ಬಿಸಿಲು ಬಿದ್ದಾಗ ಮಾತ್ರ. ಎರಡು ಕಡೆ ಗೋಡೆಯಿರುವ ಹಿತ್ತಲಿನಲ್ಲಿ ಅದನ್ನು ನಂಬಬೇಡಿ. ಕೊಳ ಶಾಖ ಕಳೆದುಕೊಳ್ಳುವುದು ಮುಖ್ಯವಾಗಿ ನೀರು ಆವಿಯಾಗುವುದರಿಂದ. ರಾತ್ರಿ ಮೇಲೊಂದು ಹೊದಿಕೆ ಎಳೆದರೆ ಯಾವ ಬಣ್ಣಕ್ಕಿಂತಲೂ ಹೆಚ್ಚು ಲಾಭ.

ಕಲೆಗಳ ಮಾತಿಗೆ ಬಂದರೆ, ಗಾಢ ಬಣ್ಣ ಕೊಳೆಯನ್ನು ಮುಚ್ಚುತ್ತದೆ ಎಂಬುದು ಅರ್ಧ ಸತ್ಯ. ಮಣ್ಣು, ಎಲೆಯ ಚೂರು ಕಾಣುವುದಿಲ್ಲ, ಸರಿ. ಆದರೆ ನೀರು ಗಡುಸಾಗಿದ್ದು, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.8 ದಾಟಿದರೆ ಸುಣ್ಣ ಕೂರತೊಡಗುತ್ತದೆ, ಅದು ಬಿಳಿ. ಕಪ್ಪು ಮೈಯ ಮೇಲೆ ನೀರಿನ ಮಟ್ಟದುದ್ದಕ್ಕೂ ಬಿಳಿ ಗೆರೆ ಎದ್ದು ಕಾಣುತ್ತದೆ. ಎರಡು ವರ್ಷ ಆ ಗೆರೆಯನ್ನು ಉಜ್ಜುವುದು ನನ್ನ ವಾರದ ಕೆಲಸವಾಗಿತ್ತು. ಗಾಢ ಬಣ್ಣದ ಸಿಮೆಂಟ್ ಗಿಲಾವು ಒಣಗುವಾಗಲೂ ಒಂದೇ ಸಮನಾಗಿ ಒಣಗುವುದಿಲ್ಲ, ಮೋಡ ಕವಿದಂತೆ ಅಲ್ಲಲ್ಲಿ ತೇಪೆ ಬೀಳುತ್ತದೆ. ಇನ್ನು ಪಾಚಿ. ಗಾಢ ತಳದಲ್ಲಿ ಪಾಚಿ ಬಲಿತ ಮೇಲೆಯೇ ಗೊತ್ತಾಗುತ್ತದೆ. ತಿಳಿ ತಳದಲ್ಲಿ ಮೂಲೆಯ ಮೊದಲ ಹಸಿರು ಛಾಯೆಯೇ ಎಚ್ಚರಿಸುತ್ತದೆ. ಕೊಳೆ ಕಾಣುವುದು ತೊಂದರೆಯಲ್ಲ, ಕಾಣದೆ ಬೆಳೆಯುವುದು ತೊಂದರೆ.

ಹಾಗಿದ್ದರೆ ನೇರ ಬಿಳಿಯೇ ಏಕಲ್ಲ? ನಿಮ್ಮ ಮನೆಯವರ ಮಾತಿನಲ್ಲಿ ಹುರುಳಿದೆ. ಕೊಳಕ್ಕೆ ದಿನಕ್ಕೆ ಒಂದೆರಡು ಗಂಟೆಯೂ ಬಿಸಿಲು ಬೀಳುವುದಿಲ್ಲ ಎಂದಾದರೆ ನಾನೂ ಬಿಳಿಯ ಕಡೆಗೇ. ನೆರಳಿನಲ್ಲಿ ಅದೊಂದೇ ಬೆಳಕನ್ನು ಉಳಿಸಿಕೊಳ್ಳುವ ಬಣ್ಣ. ನನಗಿರುವ ಅಡ್ಡಿ ನಿಮ್ಮ ಮರ. ಉದುರಿದ ಎಲೆ ತಳದಲ್ಲಿ ಒಂದೆರಡು ದಿನ ಉಳಿದರೆ ಚಹಾದ ಕಲೆಯಂತೆ ಕಂದು ಗುರುತು ಬಿಡುತ್ತದೆ, ಬಿಳಿ ಗಿಲಾವಿನ ಮೇಲೆ ಎಲೆಯ ಆಕಾರವೇ ಅಚ್ಚಾಗುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಅದರ ಕಂದು ಬೇರೆ. ಜೊತೆಗೆ ಇಷ್ಟು ಕಡಿಮೆ ಆಳದಲ್ಲಿ ಅಪ್ಪಟ ಬಿಳಿ ಸ್ನಾನದ ತೊಟ್ಟಿಯಂತೆ ಕಾಣುವ ಅಪಾಯವಿದೆ, ನೆತ್ತಿಯ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ. ಕ್ವಾರ್ಟ್ಜ್ ಕಣಗಳು ಬೆರೆತ ತಿಳಿ ಬೂದು ಈ ಎಲ್ಲವನ್ನೂ ತಾಳಿಕೊಳ್ಳುತ್ತದೆ. ಸಣ್ಣ ಚುಕ್ಕೆಗಳ ನಡುವೆ ಸಣ್ಣ ಕಲೆ ಕಣ್ಣಿಗೆ ಬೀಳುವುದಿಲ್ಲ, ಮಗು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ನೀಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಕೆಂದರೆ ಟೈಲ್ಸ್‌ನಲ್ಲಿ ತನ್ನಿ, ಗಿಲಾವಿನಲ್ಲಿ ಬೇಡ. ಗಾಜಿನ ಅಥವಾ ಪಿಂಗಾಣಿ ಟೈಲ್ಸ್‌ನ ಬಣ್ಣ ಬೆಂಕಿಯಲ್ಲಿ ಬೆಂದದ್ದು, ಕ್ಲೋರಿನ್‌ಗೆ ಜಗ್ಗುವುದಿಲ್ಲ. ಸಿಮೆಂಟಿಗೆ ಬೆರೆಸುವ ಕೆಲವು ನೀಲಿ ವರ್ಣದ್ರವ್ಯಗಳು ಕ್ಲೋರಿನ್‌ನಲ್ಲಿ ಬಿಳಿಚಿಕೊಳ್ಳುತ್ತವೆ. ಟೈಲ್ಸ್ ಆದರೆ ಸಂದುಗಳ ಗ್ರೌಟ್ ಬಣ್ಣವನ್ನು ಕೊನೆಯ ಗಳಿಗೆಯ ತೀರ್ಮಾನಕ್ಕೆ ಬಿಡಬೇಡಿ. 20 ಮಿಲಿಮೀಟರ್ ಮೊಸಾಯಿಕ್, 2 ಮಿಲಿಮೀಟರ್ ಸಂದು ಎಂದರೆ ಒಟ್ಟು ಮೈಯ ಆರರಲ್ಲಿ ಒಂದು ಪಾಲು ಗ್ರೌಟ್ ಆಯಿತು. ಅದೇ ಟೈಲ್ಸ್ ಬಿಳಿ ಗ್ರೌಟ್‌ನಲ್ಲಿ ಒಂದು ಬಣ್ಣ, ಬೂದು ಗ್ರೌಟ್‌ನಲ್ಲಿ ಇನ್ನೊಂದು.

ನನ್ನ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವುದೂ ಬೇಡ, ನಿಮಗೊಂದು ಒಳ್ಳೆಯ ಅವಕಾಶವಿದೆ. ಗಿಲಾವಿಗೆ ಮೊದಲು ಸೋರಿಕೆ ಪರೀಕ್ಷೆಗೆಂದು ತೊಟ್ಟಿಗೆ ನೀರು ತುಂಬಿಸುತ್ತೀರಲ್ಲ, ಆ ದಿನಗಳನ್ನು ಬಳಸಿಕೊಳ್ಳಿ. ಕನಿಷ್ಠ 60 ಸೆಂಟಿಮೀಟರ್ ಚೌಕದ ಮಾದರಿಗಳನ್ನು ಭಾರ ಕಟ್ಟಿ, ಹಗ್ಗದಲ್ಲಿ ತಳಕ್ಕೆ ಇಳಿಸಿ. ಅಂಗೈ ಅಗಲದ ತುಂಡು ಏನನ್ನೂ ಹೇಳುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ, ಅಂಚಿನಿಂದ ಒಮ್ಮೆ, ಕುರ್ಚಿಯಿಂದ ಒಮ್ಮೆ ನೋಡಿ. ಬರಿಯ ಕಾಂಕ್ರೀಟೇ ಒಂದು ಬೂದು ಬಣ್ಣ. ಅದು ನೀರಿನಡಿಯಲ್ಲಿ ಎಷ್ಟು ಗಾಢವಾಗಿ ಕಾಣುತ್ತಿದೆ ಎಂಬುದನ್ನು ಗಮನಿಸಿದರೆ, ಅದಕ್ಕಿಂತ ಗಾಢ ಬೇಕೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ. ಮಗುವಿನ ಆಟಿಕೆಯೊಂದನ್ನು ಮುಳುಗಿಸಿ, ಸಂಜೆಗತ್ತಲಲ್ಲಿ ಮನೆಯ ಬಾಗಿಲಿನಿಂದ ಕಾಣುತ್ತದೆಯೇ ನೋಡಿ. ದೀಪ ಹಾಕಿಸುವುದಾದರೆ ಅದನ್ನೂ ಆಗಲೇ ಹಿಡಿದು ನೋಡಿ, ಹಳದಿ ಬೆಳಕು ನೀಲಿಯನ್ನು ಹಸಿರಿನತ್ತ ಎಳೆಯುತ್ತದೆ.

ಕೊನೆಯದಾಗಿ, ಗಿಲಾವು ಮುಗಿದ ಮೇಲೆ ನೀರು ತುಂಬಿಸಲು ಶುರು ಮಾಡಿದರೆ ನಡುವೆ ನಿಲ್ಲಿಸಬೇಡಿ. ಅರ್ಧಕ್ಕೆ ನಿಂತ ಕಡೆ ಸುತ್ತಲೂ ಒಂದು ಗೆರೆ ಉಳಿದುಬಿಡಬಹುದು. ಹೊಸ ಸಿಮೆಂಟ್ ಮೊದಲ ಕೆಲವು ವಾರ ಪಿಎಚ್ ಏರಿಸುತ್ತಲೇ ಇರುತ್ತದೆ, ದಿನವೂ ಪರೀಕ್ಷಿಸಿ 7.2ರಿಂದ 7.8ರೊಳಗೆ ಇಟ್ಟುಕೊಳ್ಳಿ. ಆ ದಿನಗಳಲ್ಲಿ ಮೈಮೇಲೆ ಬಿಳಿ ಧೂಳಿನಂತೆ ಕೂತರೆ ಗಾಬರಿಯಾಗಿ ಬಣ್ಣ ಕೆಟ್ಟಿತು ಎಂದುಕೊಳ್ಳಬೇಡಿ, ಮೃದುವಾದ ಬ್ರಷ್‌ನಿಂದ ದಿನವೂ ಉಜ್ಜುತ್ತಿರಿ. ಒಂದು ತಿಂಗಳು ಕಳೆದ ಮೇಲೆ ಕಾಣುವುದೇ ನಿಮ್ಮ ಕೊಳದ ನಿಜವಾದ ಬಣ್ಣ. ಮಾದರಿಗಳನ್ನು ಮುಳುಗಿಸಿ ನೋಡಿದ ಮೇಲೆ ಯಾವುದನ್ನು ಆರಿಸಿದಿರಿ ಎಂದು ಇಲ್ಲಿ ಬರೆಯಿರಿ, ತಿಳಿಯುವ ಕುತೂಹಲ ನನಗೆ ಖಂಡಿತ ಇದೆ.