ಹಳೇ ಹಾಯಿದೋಣಿ ತರಲು ಹೊರಟವರಿಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಟೆನ್ನೆಸಿಯ ನಾಕ್ಸ್‌ವಿಲ್‌ನಲ್ಲಿ 1988ರ ಕೆಟಲೀನಾ 22 ಹಾಯಿದೋಣಿ ಟ್ರೇಲರ್ ಸಮೇತ ಮಾರಾಟಕ್ಕಿದೆ. ನಾವಿರುವುದು ಮಿಷಿಗನ್‌ನ ನೋವೈಯಲ್ಲಿ. ನಾವಿಬ್ಬರು, ಎರಡು ಮಕ್ಕಳು, ಊರಿಂದ ಬಂದಿರುವ ಅತ್ತೆ, ಎಲ್ಲರೂ ಹೋಗಿ ತರೋಣವೆಂದಿದ್ದೇವೆ. ನಮ್ಮ ಹೈಲ್ಯಾಂಡರ್ ಕಾರು 5,000 ಪೌಂಡ್ ಎಳೆಯುತ್ತದಂತೆ. ಸಾಕಲ್ಲವೇ? (ನೋವೈ ಓದುಗರು)

ಉತ್ತರ: ಎಳೆಯಲು ಸಾಕು. ಹೊರಲು ಸಾಕೇ ಎಂದು ಲೆಕ್ಕ ಹಾಕಿ. ದೋಣಿಯೇ ಸುಮಾರು 2,300 ಪೌಂಡ್, ಟ್ರೇಲರ್ 800ರಿಂದ 1,000. ಮೋಟಾರು, ಬ್ಯಾಟರಿ, ಲಂಗರು, ಹಾಯಿ ಸೇರಿದರೆ 3,500ರ ಹತ್ತಿರ. ಇದರಲ್ಲಿ ನೂರಕ್ಕೆ 10ರಿಂದ 15 ಭಾಗ ಟ್ರೇಲರ್‌ನ ಮೂತಿಯಿಂದ ನಿಮ್ಮ ಹಿಚ್ (ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರಬೇಕು. 400 ಪೌಂಡ್ ಎಂದಿಟ್ಟುಕೊಳ್ಳಿ. ಈ ಭಾರ ಕಾರಿನ ಲೆಕ್ಕಕ್ಕೇ ಸೇರುತ್ತದೆ.

ಡ್ರೈವರ್ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಜನ ಮತ್ತು ಸಾಮಾನಿನ ಒಟ್ಟು ಮಿತಿ ಬರೆದಿರುತ್ತದೆ. ಅದು 1,300 ಇದ್ದರೆ, ಐವರು 650, ಲಗೇಜು 150, ಹಿಚ್‌ನ ಕಬ್ಬಿಣ 30, ಮೂತಿಯ ಭಾರ 400: ಒಟ್ಟು 1,230. ಉಳಿದದ್ದು 70. ಆದ್ದರಿಂದ ವಾಪಸ್ ಬರುವಾಗ ಹಾಯಿಚೀಲ, ಲಂಗರು ಯಾವುದನ್ನೂ ಡಿಕ್ಕಿಗೆ ತುಂಬಬೇಡಿ. ಅತ್ತೆಯವರ ಉಪ್ಪಿನಕಾಯಿ ಡಬ್ಬಗಳಿಗೂ ತೂಕವಿದೆ. ಹಿಚ್ ಮೇಲೆ ಎಷ್ಟು ಭಾರ ಹಾಕಬಹುದು, 5,000ಕ್ಕೆ ಟೋಯಿಂಗ್ ಪ್ಯಾಕೇಜ್ ಇರಲೇಬೇಕೇ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ.

ಮೂತಿಯ ಭಾರ ಅಳೆಯಲು ಬಚ್ಚಲುಮನೆಯ ತೂಕದ ಯಂತ್ರ ಸಾಕು. ಒಂದು ಗಟ್ಟಿ ಹಲಗೆಯ ಒಂದು ತುದಿ ಯಂತ್ರದ ಮೇಲೆ, ಇನ್ನೊಂದು ತುದಿ ಅದೇ ಎತ್ತರದ ಇಟ್ಟಿಗೆಯ ಮೇಲಿರಲಿ; ನಡುವೆ ಮೂರು ಅಡಿ. ಇಟ್ಟಿಗೆಯಿಂದ ಒಂದು ಅಡಿ ದೂರದಲ್ಲಿ ಟ್ರೇಲರ್ ಮೂತಿಯನ್ನು ಹಲಗೆಯ ಮೇಲೆ ಇಳಿಸಿ, ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಭಾರ ಕಡಿಮೆ ಬಂದರೆ ಹಿಂಬದಿಯ ಮೋಟಾರನ್ನು ಬಿಚ್ಚಿ ದೋಣಿಯ ಕ್ಯಾಬಿನ್‌ನಲ್ಲಿ ಮುಂದಕ್ಕೆ ಮಲಗಿಸಿ. ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಮೋಟಾರಿನ ಮೇಲೇ ಗುರುತಿರುತ್ತದೆ. ತಪ್ಪು ಮಗ್ಗುಲಾದರೆ ಎಣ್ಣೆ ಸಿಲಿಂಡರಿಗೆ ಇಳಿಯುತ್ತದೆ. ಪೆಟ್ರೋಲ್ ಟ್ಯಾಂಕನ್ನು ಮಾರುವವರಲ್ಲೇ ಬಿಟ್ಟುಬನ್ನಿ. ಮಕ್ಕಳಿರುವ ಕಾರಿನೊಳಗಂತೂ ಅದು ಬೇಡವೇ ಬೇಡ.

ಪ್ರಶ್ನೆ: ಟ್ರೇಲರ್ ನಾಲ್ಕು ವರ್ಷದಿಂದ ನಿಂತಲ್ಲೇ ನಿಂತಿದೆ. ಟೈರು ಹೊಸದರಂತೆ ಕಾಣುತ್ತದೆ. ಏನೇನು ನೋಡಬೇಕು?

ಉತ್ತರ: ಕೊಳ್ಳುವವರು ದೋಣಿಯನ್ನು ಮೂರು ಗಂಟೆ ನೋಡುತ್ತಾರೆ, ಟ್ರೇಲರನ್ನು ಮೂರು ನಿಮಿಷ. ದಾರಿಯಲ್ಲಿ ಕೈಕೊಡುವುದು ಟ್ರೇಲರೇ.

ಟೈರಿನ ಗೋಡೆಯ ಮೇಲೆ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2316 ಎಂದರೆ 2016ರ 23ನೇ ವಾರದಲ್ಲಿ ಮಾಡಿದ್ದು. ಆರು ವರ್ಷ ದಾಟಿದ್ದರೆ ಪಟ್ಟೆ ಎಷ್ಟೇ ಆಳವಿದ್ದರೂ ಬದಲಿಸಿ. ನಿಂತ ಟೈರು ಸವೆಯುವುದಿಲ್ಲ, ಒಳಗೇ ಸೀಳುತ್ತದೆ. ಅಳತೆಯ ಮುಂದೆ ಎಸ್‌ಟಿ (ST) ಎಂದಿರುವ ಟ್ರೇಲರ್ ಟೈರನ್ನೇ ಹಾಕಿಸಿ, ಗಾಳಿಯನ್ನು ತಣ್ಣಗಿರುವಾಗ ಟೈರಿನ ಮೇಲೆ ಬರೆದ ಗರಿಷ್ಠಕ್ಕೆ ತುಂಬಿಸಿ. ಗಾಳಿ ಕಡಿಮೆಯಾದರೆ ಟೈರು ಕಾದು ಒಡೆಯುತ್ತದೆ. ಸ್ಪೇರ್ ಇಲ್ಲದೆ ಹೊರಡಬೇಡಿ. ಕಾರಿನ ಜಾಕಿ, ಪಾನಾ ಟ್ರೇಲರಿಗೆ ಹೊಂದುತ್ತವೆಯೇ ಎಂದು ಅಲ್ಲೇ ನಿಂತು ಪರೀಕ್ಷಿಸಿ.

ಮುಂದೆ ಬೇರಿಂಗ್. ಚಕ್ರವನ್ನು ಜಾಕಿಯಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಸಡಿಲ. ತಿರುಗಿಸಿದಾಗ ಮರಳು ಅರೆದಂತೆ ಕೇಳಿಸಿದರೆ ಸವೆದಿದೆ. ಒಳಗಿನ ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. 3,500 ಪೌಂಡಿನ ಆಕ್ಸಲ್ ಆಗಿದ್ದರೆ ಸಾಮಾನ್ಯವಾಗಿ ಒಳಬದಿಗೆ ಎಲ್68149, ಹೊರಬದಿಗೆ ಎಲ್44649 ಬೇರಿಂಗ್. ಆದರೂ ಬೇರಿಂಗ್ ಮೇಲಿನ ಸಂಖ್ಯೆ ಓದಿಯೇ ಕೊಳ್ಳಿ. ಗ್ರೀಸ್ ತುಂಬಿದ ಒಂದು ಪೂರ್ತಿ ಹಬ್ (ಬೇರಿಂಗ್ ಒಳಗಿರುವ, ಚಕ್ರದ ನಡುವಿನ ಗುಂಬ) ಜೊತೆಗಿದ್ದರೆ ಹೆದ್ದಾರಿ ಪಕ್ಕದಲ್ಲೂ ಅರ್ಧ ಗಂಟೆಯ ಕೆಲಸ. ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿ ಮಾಡಿ, ಆಮೇಲೆ ತುಸು ಸಡಿಲಿಸಿ, ನಟ್ಟು ತಿರುಗದಂತೆ ತಡೆಯುವ ಹೊಸ ಕಾಟರ್ ಪಿನ್ ಹಾಕಿ. ಬಿಗಿಯಾಗಿಯೇ ಬಿಟ್ಟರೆ ಬೇರಿಂಗ್ ಸುಡುತ್ತದೆ.

ದೀಪಗಳ ತೊಂದರೆ ನೂರಕ್ಕೆ ತೊಂಬತ್ತು ಸಲ ಬಿಳಿ ವೈರಿನದು, ಅಂದರೆ ಅರ್ಥ್. ಎಡ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಿಣಮಿಣ ಎಂದರೆ ಅದನ್ನೇ ನೋಡಿ: ಚೌಕಟ್ಟಿಗೆ ಸೇರುವ ಜಾಗದ ತುಕ್ಕು ಕೆರೆದು ಸ್ಕ್ರೂ ಬದಲಿಸಿ. ಆಯಸ್ಕಾಂತದಿಂದ ಅಂಟುವ ದೀಪಗಳ ಒಂದು ಜೊತೆ ಆಪತ್ತಿಗಿರಲಿ.

ಸರ್ಜ್ ಬ್ರೇಕ್ (ಕಾರು ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಹಿಡಿಯುವ ಬ್ರೇಕ್) ಇದ್ದರೆ ಮೂತಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇದೆಯೇ, ಜಾರುವ ಭಾಗ ತುಕ್ಕಿನಿಂದ ಕಚ್ಚಿಕೊಂಡಿದೆಯೇ ನೋಡಿ. ಬ್ರೇಕ್ ಸತ್ತಿದ್ದರೆ ರಿಪೇರಿ ಮಾಡಿಸಿಯೇ ಹೊರಡಿ. ಐ-75ರಲ್ಲಿ ಟೆನ್ನೆಸಿ-ಕೆಂಟಕಿ ಗಡಿಯ ಜೆಲಿಕೋ ಬೆಟ್ಟದ ಇಳಿಜಾರಿದೆ.

ಪ್ರಶ್ನೆ: ಮಾಸ್ಟ್ (ಹಾಯಿಕಂಬ) ಮತ್ತು ಕೀಲ್ (ದೋಣಿಯ ತಳದ ಭಾರವಾದ ಅಲಗು) ಅನ್ನು ದಾರಿಗೆ ಹೇಗೆ ಸಿದ್ಧಮಾಡುವುದು?

ಉತ್ತರ: ಮಾಸ್ಟ್ ಇಳಿಸುವ ಮುನ್ನ ಪ್ರತಿ ತಂತಿ, ಪ್ರತಿ ಪಿನ್ನಿನ ಫೋಟೊ ತೆಗೆಯಿರಿ; ತಂತಿ ಬಿಗಿ ಮಾಡುವ ಟರ್ನ್‌ಬಕಲ್‌ನ ತಿರುಪು ಎಲ್ಲಿಗೆ ನಿಂತಿದೆ ಎಂದು ಗುರುತಿಗೆ ಟೇಪ್ ಸುತ್ತಿ. ಇಳಿಸಿದ ಮಾಸ್ಟ್‌ಗೆ ಮುಂದೆ, ಹಿಂದೆ, ನಡುವೆ ಆಸರೆ ಬೇಕು. ತಂತಿಗಳನ್ನು ಎರಡು ಮೂರು ಅಡಿಗೊಮ್ಮೆ ಕಟ್ಟಿ, ತಗುಲುವಲ್ಲಿ ಹಳೇ ಟವಲ್ ಸುತ್ತಿ. ಹಿಂದಕ್ಕೆ ನಾಲ್ಕು ಅಡಿಗಿಂತ ಹೆಚ್ಚು ಚಾಚಿದರೆ ಕೆಂಪು ಬಾವುಟ ಕಟ್ಟಿ. ಮುಂದಿನ ತುದಿ ಕಾರಿನ ಮೇಲೆ ಬಾರದಿರಲಿ: ಮಗು ತಿಂಡಿ ಕೇಳಿ ಡಿಕ್ಕಿ ತೆರೆದ ಕ್ಷಣ ಗಾಜು ಚೂರು.

ತೂಗುವ ಕೀಲ್ 550 ಪೌಂಡಿನ ಎರಕದ ಕಬ್ಬಿಣ. ದಾರಿಯಲ್ಲಿ ಅದು ಅದನ್ನು ಎತ್ತಿಳಿಸುವ ವಿಂಚಿನ (ಕೈರಾಟೆಯ) ತಂತಿಯಲ್ಲಿ ನೇತಾಡಬಾರದು. ಪ್ರತಿ ಗುಂಡಿಗೂ ತಂತಿ, ಕೀಲ್ ತೂಗುವ ಪಿವೋಟ್ ಪಿನ್ ಎರಡೂ ಏಟು ತಿನ್ನುತ್ತವೆ. ಟ್ರೇಲರಿನ ಅಡ್ಡಪಟ್ಟಿಯ ಮೇಲೆ ಕೀಲ್ ಕೂರುವವರೆಗೆ ಇಳಿಸಿ, ತಂತಿ ತುಸು ಸಡಿಲಾಗಲಿ. ದೋಣಿ ಹಿಡಿದಿಡಲು ಟ್ರೇಲರಿನ ಮುಂದಿನ ವಿಂಚಿನ ಪಟ್ಟಿಯನ್ನೇ ನಂಬಬೇಡಿ. ದೋಣಿಯ ಮೂಗಿಗೆ ಸರಪಳಿ, ಹಿಂದೆ ಎರಡೂ ಮೂಲೆಗೆ ರ‍್ಯಾಚೆಟ್ ಪಟ್ಟಿ, ನಡುವೆ ಒಂದು ಅಡ್ಡಪಟ್ಟಿ ಬೇಕು. ಅಡ್ಡಪಟ್ಟಿಗೆ ಒಂದು ತಿರುಚು ಕೊಟ್ಟರೆ ಗಾಳಿಗೆ ಗುಂಯ್‌ಗುಡುವುದಿಲ್ಲ.

ಪ್ರಶ್ನೆ: ಎಷ್ಟು ವೇಗ? ಟ್ರೇಲರ್ ಓಲಾಡಿದರೆ?

ಉತ್ತರ: 60 ಮೈಲಿ ಸಾಕು. ಓಲಾಡಿದರೆ ಬ್ರೇಕ್ ತುಳಿಯಬೇಡಿ, ಸ್ಟಿಯರಿಂಗನ್ನು ಎದುರಿಗೆ ತಿರುಗಿಸಲೂ ಹೋಗಬೇಡಿ. ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಕಾರಣ ಹೆಚ್ಚಾಗಿ ಮೂತಿಯ ಭಾರ ಕಡಿಮೆ ಇರುವುದು. ಮೊದಲ 15 ಮೈಲಿಗೆ ನಿಂತು ಹಬ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಮುಂದೆ ಹೋಗಬೇಡಿ. 50 ಮೈಲಿಗೆ ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೆ ಬಿಗಿ ಮಾಡಿ. ಆಮೇಲೆ ಮಕ್ಕಳಿಗೆಂದು ನಿಂತಾಗಲೆಲ್ಲ ಹಬ್, ಪಟ್ಟಿ ನೋಡಿದರೆ ಬೇರೆ ವೇಳಾಪಟ್ಟಿ ಬೇಕಿಲ್ಲ. ಸುಮಾರು 500 ಮೈಲಿಯ ದಾರಿ. ಒಂದು ರಾತ್ರಿ ತಂಗಿ. ಟ್ರೇಲರ್ ನೇರ ಹೊಕ್ಕು ನೇರ ಹೊರಬರುವ ಜಾಗವಿರುವ ಹೋಟೆಲನ್ನು ಫೋನಿನಲ್ಲಿ ಕೇಳಿಯೇ ಗೊತ್ತುಮಾಡಿ.

ಪ್ರಶ್ನೆ: ಕಾಗದಪತ್ರ?

ಉತ್ತರ: ಮಿಷಿಗನ್‌ನಲ್ಲಿ 20 ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಗೆ ಟೈಟಲ್ (ಒಡೆತನದ ಪತ್ರ) ಬೇಕು, ಇದು ಇಪ್ಪತ್ತೊಂದೂವರೆ ಅಡಿ. ದೋಣಿಯ ಹಿಂಭಾಗದ ಬಲ ಮೇಲ್ಮೂಲೆಯಲ್ಲಿರುವ 12 ಅಕ್ಷರದ ಹಲ್ ಸಂಖ್ಯೆಯನ್ನೂ (ದೋಣಿಯ ಗುರುತಿನ ಸಂಖ್ಯೆ) ಟ್ರೇಲರಿನ ಸಂಖ್ಯೆಯನ್ನೂ ಕಾಗದದೊಂದಿಗೆ ಒಂದೊಂದೇ ಅಕ್ಷರ ಹೋಲಿಸಿ, ಹಣ ಆಮೇಲೆ ಕೊಡಿ. ದೋಣಿಗೊಂದು, ಟ್ರೇಲರಿಗೊಂದು ಬೇರೆ ಬೇರೆ ಮಾರಾಟ ಪತ್ರ ಬರೆಸಿ. ತಾತ್ಕಾಲಿಕ ನಂಬರ್ ಪ್ಲೇಟ್, ವಿಮೆ ಎರಡನ್ನೂ ಊರು ಬಿಡುವ ಮೊದಲೇ ವಿಚಾರಿಸಿ. ಹೊರಡುವ ಮುನ್ನ ದೋಣಿಯ ತಳದ ಬಿರಡೆ ಬಿಚ್ಚಿ ನೀರೆಲ್ಲ ಹರಿಸಿ, ಕಳೆ ಕಿತ್ತುಹಾಕಿ. ಕೆರೆಯಿಂದ ಕೆರೆಗೆ ಹರಡುವ ಜೀಬ್ರಾ ಮಸಲ್ ಚಿಪ್ಪುಹುಳುಗಳಂಥವನ್ನು ತಡೆಯಲು ಮಿಷಿಗನ್‌ನಲ್ಲಿ 2019ರಿಂದ ಇದು ಕಾನೂನು.