ಅನಾನಸ್‌ನ ಬ್ರೋಮೆಲೈನ್: ಹಣ್ಣು ಬೇರೆ, ಮಾತ್ರೆ ಬೇರೆ

ಅನಾನಸ್‌ನಲ್ಲಿರುವ ಬ್ರೋಮೆಲೈನ್ ಎಂಬ ಎಂಜೈಮ್ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ತಜ್ಞರ ಉತ್ತರ ಇಲ್ಲಿದೆ.

ನಮ್ಮ ಅಪ್ಪಾರಿಗೆ 64 ವರ್ಷ. ಹೃದಯಕ್ಕೆ ಸ್ಟೆಂಟ್ ಹಾಕ್ಯಾರ, ರಕ್ತ ತೆಳು ಮಾಡೋ ಗುಳಿಗಿ ನಡದಾವ, ಸಕ್ಕರಿ ಕಾಯಿಲೆನೂ ಐತಿ. ಮೊಣಕಾಲು ನೋವಿಗೆ ಅನಾನಸ್ ಎಂಜೈಮ್ ಛಲೋ ಅಂತ ಯಾರೋ ಹೇಳ್ಯಾರಂತ ದಿನಾ ಮುಂಜಾನೆ ಒಂದು ಗ್ಲಾಸ್ ರಸ ಕುಡೀಲಿಕ್ಕತ್ಯಾರ. ಈಗ ಮಾತ್ರೆನೂ ತರಿಸು ಅಂತಾರ. ಕೊಡಬಹುದೇನ್ರಿ? – ಸಿಂಧನೂರು

ಮಾತ್ರೆ ತರಿಸಬೇಡಿ. ರಸವನ್ನೂ ನಿಲ್ಲಿಸಿ. ಊಟದ ಜೊತೆ ಹಣ್ಣಿನ ಎರಡು ಹೋಳು ತಿನ್ನಲಿ, ಅದಕ್ಕೆ ಅಡ್ಡಿಯಿಲ್ಲ.

ಬ್ರೋಮೆಲೈನ್ ಒಂದೇ ವಸ್ತುವಲ್ಲ. ಪ್ರೋಟೀನ್ ಕತ್ತರಿಸುವ ಹಲವು ಕಿಣ್ವಗಳ, ಅಂದರೆ ಎಂಜೈಮ್‌ಗಳ, ಗುಂಪಿಗೆ ಇಟ್ಟ ಹೆಸರು ಅದು. ಹಣ್ಣಿನ ತಿರುಳಿನಲ್ಲಿ ಅದು ಇದ್ದೇ ಇದೆ, ಆದರೆ ಗಿಡದ ಕಾಂಡದಲ್ಲಿ ಹೆಚ್ಚು. ಔಷಧ ಕಂಪನಿಗಳು ಕೊಯ್ಲಾದ ಮೇಲೆ ಉಳಿದ ಕಾಂಡದಿಂದಲೇ ಅದನ್ನು ತೆಗೆಯುತ್ತವೆ. ಆ ಕಾಂಡ ಹಣ್ಣಿನೊಳಗೆ ಮುಂದುವರಿದದ್ದೇ ನಾವು ಕತ್ತರಿಸಿ ಬಿಸಾಡುವ ನಡುವಿನ ಗಟ್ಟಿ ದಿಂಡು. ಡಬ್ಬಿಯಲ್ಲಿ, ಪೊಟ್ಟಣದಲ್ಲಿ ಬರುವ ರಸವನ್ನು ಕಾಯಿಸಿಯೇ ತುಂಬಿರುತ್ತಾರೆ. ಅದರಲ್ಲಿ ಕೆಲಸ ಮಾಡುವ ಎಂಜೈಮ್ ಉಳಿದಿರುವುದಿಲ್ಲ.

ಮೊಣಕಾಲು ಸವೆತದ ನೋವಿಗೆ ಬ್ರೋಮೆಲೈನ್ ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಕೆಲವರಿಗೆ ನೋವು ಇಳಿದಿದೆ, ಕೆಲವು ಪ್ರಯೋಗಗಳಲ್ಲಿ ಔಷಧವಿಲ್ಲದ ಮಾತ್ರೆಗೂ ಇದಕ್ಕೂ ವ್ಯತ್ಯಾಸವೇ ಕಂಡಿಲ್ಲ. ಅಷ್ಟು ಅನುಮಾನದ ಲಾಭಕ್ಕೆ ನಿಮ್ಮ ತಂದೆಯವರು ತೆರಬೇಕಾದ ಬೆಲೆ ದೊಡ್ಡದು. ಬ್ರೋಮೆಲೈನ್ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಡೆಯುತ್ತದೆ. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಅಥವಾ ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರಲ್ಲಿ ಎರಡೂ ಸೇರಿ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಪೆಟ್ಟು ಬೀಳದೆಯೇ ಮೈಮೇಲೆ ನೀಲಿ ಕಲೆ, ಡಾಂಬರಿನಂಥ ಕಪ್ಪು ಮಲ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ. ಹಾಗಂತ ಹೃದಯದ ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯವಿದೆ.

ಸಕ್ಕರೆಯ ಲೆಕ್ಕ ಬೇರೆಯೇ ಇದೆ. 100 ಗ್ರಾಂ ಹಣ್ಣಿನಲ್ಲಿ ಸುಮಾರು 13 ಗ್ರಾಂ ಪಿಷ್ಟ-ಸಕ್ಕರೆ. 250 ಮಿಲಿ ರಸದಲ್ಲಿ, ಮೇಲೆ ಸಕ್ಕರೆ ಹಾಕದಿದ್ದರೂ, ಸುಮಾರು 32 ಗ್ರಾಂ. ಅದೂ ನಾರಿಲ್ಲದೆ, ಖಾಲಿ ಹೊಟ್ಟೆಗೆ. ಮುಂಜಾನೆಯ ಸಕ್ಕರೆ ಏರುವುದಕ್ಕೆ ಇಷ್ಟೇ ಸಾಕು.

ಮೊಣಕಾಲಿಗೆ ನಿಜವಾಗಿ ನೆರವಾಗುವುದು ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗುವುದು. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರ ಚಾಚಿ, 5 ಸೆಕೆಂಡ್ ಹಿಡಿದು, ನಿಧಾನ ಇಳಿಸಬೇಕು. ಕಾಲಿಗೆ 10 ಸಲ, ದಿನಕ್ಕೆ ಎರಡು ಹೊತ್ತು. ಕುಕ್ಕರುಗಾಲಲ್ಲಿ ಕೂಡುವುದನ್ನು ಆದಷ್ಟು ಬಿಡಿಸಿ. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆಯನ್ನು ತಾವಾಗಿಯೇ ತಂದು ನುಂಗುವುದೂ ಇವರಿಗೆ ಸಲ್ಲದು. ಡೈಕ್ಲೋಫೆನಾಕ್‌ನಂಥವು ಹೃದಯಕ್ಕೂ ಹೊಟ್ಟೆಗೂ ಅಪಾಯ.

ಅಕ್ಕಲದಾಡೆ ಹಲ್ಲು ಕೀಳಿಸಿದ ಮೇಲೆ ಟ್ರಿಪ್ಸಿನ್, ಬ್ರೋಮೆಲೈನ್, ರುಟೋಸೈಡ್ ಎಂದು ಬರೆದ ಮಾತ್ರೆ ಕೊಟ್ಟಿದ್ದಾರೆ. ಇದು ನೋವಿನ ಮಾತ್ರೆಯೇ? ಇದರ ಬದಲು ಹಣ್ಣನ್ನೇ ತಿಂದರಾಗದೇ? – ಬಳ್ಳಾರಿ

ಇದು ಬಾವು ಇಳಿಸಲೆಂದು ಕೊಡುವ ಮಾತ್ರೆ. ಟ್ರಿಪ್ಸಿನ್ ಪ್ರೋಟೀನ್ ಕತ್ತರಿಸುವ ಇನ್ನೊಂದು ಎಂಜೈಮ್, ರುಟೋಸೈಡ್ ಗಿಡಗಳಿಂದ ಸಿಗುವ ವಸ್ತು. ನೋವು ಇಳಿದರೆ ಅದು ಬಾವು ಇಳಿದದ್ದರಿಂದ. ಹಲ್ಲು ಕಿತ್ತ ನಂತರದ ಊತವನ್ನು ಬ್ರೋಮೆಲೈನ್ ಸ್ವಲ್ಪ ಮಟ್ಟಿಗೆ ಕಡಿಮೆ ಮಾಡುತ್ತದೆ ಎಂದು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಮಾತ್ರೆಯಲ್ಲಿ ಟ್ರಿಪ್ಸಿನ್ 48, ಬ್ರೋಮೆಲೈನ್ 90, ರುಟೋಸೈಡ್ 100 ಮಿಲಿಗ್ರಾಂ ಇರುತ್ತದೆ.

ಇದನ್ನು ತಿನ್ನುವ ಹೊತ್ತು ಬಹಳ ಮುಖ್ಯ. ಊಟದ ಜೊತೆ ನುಂಗಿದರೆ ಎಂಜೈಮ್ ನಿಮ್ಮ ರೊಟ್ಟಿ-ಬ್ಯಾಳಿಯ ಪ್ರೋಟೀನನ್ನೇ ಕತ್ತರಿಸುತ್ತ ಕೂಡುತ್ತದೆ. ಆದ್ದರಿಂದ ಊಟಕ್ಕೆ ಅರ್ಧ-ಮುಕ್ಕಾಲು ಗಂಟೆ ಮುಂಚೆ, ನೀರಿನ ಜೊತೆ. ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು, ಕಚ್ಚಬಾರದು. ಮೇಲಿನ ಲೇಪನವಿರುವುದೇ ಹೊಟ್ಟೆಯ ಆಮ್ಲ ದಾಟಿ ಕರುಳಿನಲ್ಲಿ ಬಿಚ್ಚಿಕೊಳ್ಳಲಿ ಎಂದು. ಬಾಯಿ ಸರಿಯಾಗಿ ತೆರೆಯಲಾಗದೆ ಮಾತ್ರೆ ಅರೆದು ಕುಡಿಯುವವರಿದ್ದಾರೆ. ಹಾಗೆ ಮಾಡಿದರೆ ದುಡ್ಡು ದಂಡ.

ಇದು ರೋಗಾಣುಗಳನ್ನು ಕೊಲ್ಲುವ ಔಷಧವಲ್ಲ. ಮೂರು ದಿನವಾದರೂ ಊತ ಏರುತ್ತಲೇ ಇದ್ದರೆ, ಜ್ವರ ಬಂದರೆ, ಕೀವಿನ ರುಚಿ ಬಂದರೆ ಮತ್ತೆ ದಂತವೈದ್ಯರ ಬಳಿ ಹೋಗಿ. ಬ್ರೋಮೆಲೈನ್ ಅಮಾಕ್ಸಿಸಿಲಿನ್‌ನಂಥ ಆ್ಯಂಟಿಬಯೋಟಿಕ್‌ಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸಬಹುದು. ಆದ್ದರಿಂದ ನಡೆಯುತ್ತಿರುವ ಎಲ್ಲ ಔಷಧಗಳನ್ನೂ ದಂತವೈದ್ಯರಿಗೆ ಹೇಳಿರಬೇಕು. ಮುಂದೆ ಯಾವುದಾದರೂ ಆಪರೇಷನ್ ಇದೆಯೆಂದಾದರೆ, ತಾವಾಗಿ ತಿನ್ನುತ್ತಿರುವ ಬ್ರೋಮೆಲೈನನ್ನು ಎರಡು ವಾರ ಮೊದಲೇ ನಿಲ್ಲಿಸಿ.

ಹಣ್ಣು ಮಾತ್ರೆಗೆ ಬದಲಿಯಾಗದು. ಎಷ್ಟು ಹೋಳಿನಲ್ಲಿ ಎಷ್ಟು ಎಂಜೈಮ್ ಎಂಬುದು ತಳಿ, ಮಾಗಿದ ಹದ, ಇಟ್ಟ ದಿನ ಎಲ್ಲದರ ಮೇಲೂ ಬದಲಾಗುತ್ತದೆ. ಹಸಿ ಗಾಯಕ್ಕೆ ಹುಳಿ ತಾಗಿ ಉರಿಯುವುದು ಬೇರೆ. ಬಿಡಿ ಬ್ರೋಮೆಲೈನ್ ಡಬ್ಬಿ ಕೊಳ್ಳುವವರು ಮಿಲಿಗ್ರಾಂ ಮಾತ್ರ ನೋಡಿ ಮೋಸಹೋಗಬೇಡಿ. ಶಕ್ತಿಯ ಅಳತೆ ಜಿಡಿಯು, ಅಂದರೆ ಜೆಲಟಿನ್ (ಜೆಲ್ಲಿ ಕಟ್ಟಿಸುವ ಪ್ರೋಟೀನ್) ಕರಗಿಸುವ ಯೂನಿಟ್. ಗ್ರಾಂಗೆ 2400 ಜಿಡಿಯು ಇರುವ ಪುಡಿ 500 ಮಿಲಿಗ್ರಾಂ ಅಂದರೆ 1200 ಜಿಡಿಯು. ಗ್ರಾಂಗೆ 1200 ಇದ್ದರೆ ಅದೇ 500 ಮಿಲಿಗ್ರಾಂನಲ್ಲಿ 600 ಮಾತ್ರ.

ಗರ್ಭಿಣಿ ಅನಾನಸ್ ತಿಂದರೆ ಗರ್ಭ ಇಳಿಯುತ್ತದೆಯೇ? – ಸಿರುಗುಪ್ಪ

ಮಾಗಿದ ಹಣ್ಣಿನ ಎರಡು-ಮೂರು ಹೋಳಿನಿಂದ ಇಳಿಯುವುದಿಲ್ಲ. ಅಕಸ್ಮಾತ್ ತಿಂದು ಹೆದರಿರುವ ಸೊಸೆಯನ್ನು ದಯವಿಟ್ಟು ಬೈಯಬೇಡಿ. ಬ್ರೋಮೆಲೈನ್ ಮಾತ್ರೆ ಮಾತ್ರ ವೈದ್ಯರು ಬರೆಯದೆ ಬೇಡ. ಎಳೆಯ ಕಾಯಿ ತಿಂದರೆ ಗಂಟಲು ಕೆರೆತ, ವಾಂತಿ ಆಗಬಹುದು. ಅದು ಯಾರಿಗಾದರೂ ಅಷ್ಟೇ.

ಪೈನಾಪಲ್ ರಾಯತ ಮಾಡಿದರೆ ಒಂದು ತಾಸಿಗೆ ಕಹಿಯಾಗಿ ನೀರೊಡೆಯುತ್ತದೆ. ಮಟನ್‌ಗೆ ಹಚ್ಚಿದರೆ ಒಮ್ಮೊಮ್ಮೆ ಮೆತ್ತಗಾಗುತ್ತದೆ, ಒಮ್ಮೊಮ್ಮೆ ಹಿಟ್ಟಾಗುತ್ತದೆ. ಯಾಕೆ? – ಕೊಪ್ಪಳ

ಎರಡಕ್ಕೂ ಕಾರಣ ಒಂದೇ. ಎಂಜೈಮ್ ಮೊಸರಿನ ಪ್ರೋಟೀನನ್ನು ಕತ್ತರಿಸಿದಾಗ ಬರುವ ಸಣ್ಣ ತುಣುಕುಗಳೇ ಕಹಿ. ಹಿಡಿದಿಟ್ಟಿದ್ದ ನೀರು ಬಿಡುಗಡೆಯಾಗುತ್ತದೆ. ಕೆಟ್ಟಿತೆಂದಲ್ಲ, ವಿಷವೂ ಅಲ್ಲ. ಹೋಳುಗಳನ್ನು ಚಿಕ್ಕದಾಗಿ ಹೆಚ್ಚಿ, ಒಂದು ಕಪ್‌ಗೆ ಒಂದು ಚಮಚ ಸಕ್ಕರೆ ಹಾಕಿ, ಅದರ ರಸದಲ್ಲೇ 6–7 ನಿಮಿಷ ಕುದಿಸಿ. ಹೋಳಿನ ನಡುವೆಯೂ ಬಿಸಿ ಮುಟ್ಟಬೇಕು. 70 ಡಿಗ್ರಿ ದಾಟಿದರೆ ಎಂಜೈಮ್ ಸಾಯುತ್ತದೆ. ಪೂರ್ತಿ ಆರಿದ ಮೇಲೆ ಎರಡು ಕಪ್ ಗಟ್ಟಿ ಮೊಸರಿಗೆ ಬೆರೆಸಿ, ಸಂಜೆವರೆಗೂ ಕಹಿಯಾಗದು. ಮದುವೆ ಊಟದ ಪೈನಾಪಲ್ ಶಿರಾ ಕಹಿಯಾಗದಿರುವುದೂ ಇದರಿಂದಲೇ. ಜೆಲ್ಲಿಯಲ್ಲೂ ಹಾಗೆಯೇ: ಜೆಲಟಿನ್ ಪ್ರೋಟೀನ್, ಹಸಿ ಹಣ್ಣು ಹಾಕಿದರೆ ಕಟ್ಟುವುದೇ ಇಲ್ಲ. ಜೆಲ್ಲಿ ಕಟ್ಟಿಸಲು ಬಳಸುವ, ಕಡಲ ಪಾಚಿಯಿಂದ ಬರುವ ಚೈನಾ ಗ್ರಾಸ್ ಪ್ರೋಟೀನ್ ಅಲ್ಲ, ಅದನ್ನು ಬ್ರೋಮೆಲೈನ್ ಮುಟ್ಟದು.

ಮಟನ್‌ಗೆ ಕಿಲೋಗೆ ಎರಡು ದೊಡ್ಡ ಚಮಚ ಅರೆದ ಹಸಿ ಹಣ್ಣು ಸಾಕು, ದಿಂಡನ್ನೂ ಸೇರಿಸಿ ಅರೆಯಿರಿ. ಮಟನ್‌ಗೆ ಅರ್ಧ ಗಂಟೆ, ಕೋಳಿಗೆ 15 ನಿಮಿಷ. ಎಂಜೈಮ್ ಮೇಲ್ಮೈಯನ್ನಷ್ಟೇ ತಿನ್ನುತ್ತದೆ, ಆಳಕ್ಕೆ ಇಳಿಯದು. ಹಾಗಾಗಿ ಹೆಚ್ಚು ಹೊತ್ತು ಇಟ್ಟರೆ ಹೊರಗೆ ಹಿಟ್ಟು, ಒಳಗೆ ಗಟ್ಟಿ. ಫ್ರಿಜ್‌ನಲ್ಲಿ ರಾತ್ರಿಯಿಡೀ ಇಟ್ಟರೂ ಅದರ ಕೆಲಸ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. 50–60 ಡಿಗ್ರಿಯಲ್ಲಿ ಅದು ಅತಿ ಚುರುಕು. ಸಣ್ಣ ಉರಿಯಲ್ಲಿ ಆಮೆ ನಡಿಗೆಯಲ್ಲಿ ಕಾಯಿಸಿದರೆ ಪಾತ್ರೆಯಲ್ಲೂ ತಿನ್ನುತ್ತಲೇ ಇರುತ್ತದೆ. ಮೊದಲು ದೊಡ್ಡ ಉರಿಯಲ್ಲಿ ಬಿಸಿ ಮಾಡಿ, ಆಮೇಲೆ ಉರಿ ಇಳಿಸಿ. ಪಪ್ಪಾಯಿ ಕಾಯಿಯ ಎಂಜೈಮ್ ಇದಕ್ಕಿಂತ ಬಿಸಿ ತಾಳುತ್ತದೆ, ಅಲ್ಲಿ ಇನ್ನೂ ಎಚ್ಚರ ಬೇಕು.

ಬಂಡಿಯಲ್ಲಿ ಮಾರುವ ಅನಾನಸ್ ತಿಂದರೆ ನಾಲಿಗೆ ಉರಿಯುತ್ತದೆ. ಅಲರ್ಜಿಯೇ? – ರಾಯಚೂರು

ಬಹುತೇಕ ಅಲ್ಲ. ಹಣ್ಣಿನ ಹುಳಿ, ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು, ನಾಲಿಗೆಯ ಮೇಲ್ಪದರ ಸವೆಸುವ ಎಂಜೈಮ್, ಮೂರೂ ಸೇರಿದ ಉರಿ ಅದು. ಕೆಲವು ತಾಸಿನಲ್ಲಿ ಹೋಗುತ್ತದೆ. ಮನೆಯಲ್ಲಾದರೆ ಹಣ್ಣಿನ ಕಣ್ಣುಗಳನ್ನು ಆಳವಾಗಿ ತೆಗೆದು, ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ 10 ನಿಮಿಷ ನೆನೆಸಿ ತಿನ್ನಿ. ಕೊಳ್ಳುವಾಗ ಮಾಗಿದ ಪರಿಮಳ ಇದೆಯೇ ಎಂದು ತೊಟ್ಟಿನ ಬುಡ ಮೂಸಿ ನೋಡಿ. ಬನವಾಸಿ, ಸಾಗರದ ಕಡೆಯಿಂದಲೋ ಕೇರಳದಿಂದಲೋ ಲಾರಿಯಲ್ಲಿ ಬರುವ ಹಣ್ಣು ಕೊಯ್ದ ಮೇಲೆ ಬಣ್ಣ ತಿರುಗಬಹುದು, ಸಿಹಿಯಾಗದು. ಆದರೆ ತಿಂದ ಕೂಡಲೇ ತುಟಿ, ಮುಖ ಊದಿಕೊಂಡರೆ, ಮೈಮೇಲೆ ದದ್ದೆದ್ದರೆ, ಉಸಿರು ಕಟ್ಟಿದಂತಾದರೆ ಅದು ಅಲರ್ಜಿ. ಕಾಯದೆ 108ಕ್ಕೆ ಕರೆ ಮಾಡಿ. ರಬ್ಬರ್ ಗ್ಲೌಸಿನ ಅಲರ್ಜಿ ಇರುವವರಿಗೆ ಈ ಅಪಾಯ ಹೆಚ್ಚು.

ಮಿರ್ಚಿ ಕರಿಯುವಾಗ ಎಣ್ಣೆ ಸಿಡಿದು ಕೈ ಸುಟ್ಟಿದೆ. ಸುಟ್ಟ ಗಾಯಕ್ಕೆ ಅನಾನಸ್ ಎಂಜೈಮ್ ಹಚ್ಚುತ್ತಾರೆಂದು ಓದಿದೆ. ರಸ ಹಚ್ಚಲೇ? – ಗಂಗಾವತಿ

ಖಂಡಿತ ಬೇಡ. ನೀವು ಓದಿದ್ದು ಸುಳ್ಳಲ್ಲ: ಆಳವಾಗಿ ಸುಟ್ಟಾಗ ಸತ್ತ ಚರ್ಮವನ್ನು ಕರಗಿಸಿ ತೆಗೆಯಲು ಬ್ರೋಮೆಲೈನ್ ಕಿಣ್ವಗಳ ಶುದ್ಧೀಕರಿಸಿದ ಔಷಧಕ್ಕೆ ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದನ್ನು ಹಚ್ಚುವುದು ಸುಟ್ಟಗಾಯದ ತಜ್ಞರು, ನೋವು ತಿಳಿಯದಂತೆ ಔಷಧ ಕೊಟ್ಟು, ನಾಲ್ಕು ಗಂಟೆ ಮಾತ್ರ. ಮನೆಯ ರಸದಲ್ಲಿ ಹುಳಿ, ಸಕ್ಕರೆ, ಚಾಕುವಿನ ಕೊಳೆ ಎಲ್ಲ ಇರುತ್ತದೆ. ಗಾಯ ಕೀವಾಗುತ್ತದೆ.

ಸುಟ್ಟ ಕೂಡಲೇ ಬೇಕಾದದ್ದು ತಣ್ಣೀರು, 20 ನಿಮಿಷ, ಸುರಿಯುತ್ತಲೇ ಇರಬೇಕು. ನಮ್ಮ ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನಳದ ನೀರೇ ಸುಡುತ್ತಿರುತ್ತದೆ. ಕುಡಿಯುವ ಕೊಡದ ನೀರನ್ನು ತಂಬಿಗೆಯಲ್ಲಿ ಸುರಿಯಿರಿ. ಐಸ್, ಪೇಸ್ಟ್, ಅರಿಶಿನ ಬೇಡ. ಊತ ಬರುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಬೊಬ್ಬೆ ಒಡೆಯಬೇಡಿ, ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ. ಸುಟ್ಟ ಜಾಗ ಅಂಗೈಗಿಂತ ದೊಡ್ಡದಿದ್ದರೆ, ಬಿಳಿಚಿ ನೋವೇ ಇಲ್ಲದಿದ್ದರೆ, ಅಥವಾ ಬೆರಳ ಗೆಣ್ಣಿನ ಮೇಲಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ, ಧನುರ್ವಾಯು ತಡೆಯುವ ಚುಚ್ಚುಮದ್ದು ಬೇಕೇ ಎಂದೂ ಕೇಳಿ.