ವಿಕ್ಟೋರಿಯಾ ರಾಣಿಯಾದಾಗ ಹ್ಯಾನೋವರ್ ಬ್ರಿಟನ್ನಿನಿಂದ ಬೇರೆಯಾದದ್ದು ಏಕೆ?

ಎರಡೂ ನಾಡುಗಳಿಗೆ ದೊರೆ ಒಬ್ಬನೇ ಆಗಿದ್ದರೂ ಉತ್ತರಾಧಿಕಾರದ ನಿಯಮ ಒಂದೇ ಆಗಿರಲಿಲ್ಲ: ಬ್ರಿಟನ್ನಿನಲ್ಲಿ ಹೆಣ್ಣುಮಗಳು ಪಟ್ಟವೇರಬಹುದಿತ್ತು, ಜರ್ಮನ್ ರಾಜ್ಯವಾದ ಹ್ಯಾನೋವರಿನಲ್ಲಿ ರಾಜವಂಶದ ಗಂಡುಸಂತತಿ ಉಳಿದಿರುವವರೆಗೆ ಅದಕ್ಕೆ ಅವಕಾಶವಿರಲಿಲ್ಲ.

1714ರಲ್ಲಿ ಹ್ಯಾನೋವರಿನ ಅರಸ ಒಂದನೆಯ ಜಾರ್ಜ್ ಬ್ರಿಟನ್ನಿಗೂ ರಾಜನಾದ. ಅಲ್ಲಿಂದ ಮುಂದೆ 123 ವರ್ಷ ಸಿಂಹಾಸನಕ್ಕೆ ಬಂದವರೆಲ್ಲ ಗಂಡಸರೇ ಆಗಿದ್ದರಿಂದ ಈ ವ್ಯತ್ಯಾಸ ಯಾರನ್ನೂ ಬಾಧಿಸಲಿಲ್ಲ. 1837ರ ಜೂನ್ 20ರಂದು ನಾಲ್ಕನೆಯ ವಿಲಿಯಂ ಪಟ್ಟಕ್ಕೆ ಹಕ್ಕುಳ್ಳ ಮಕ್ಕಳಿಲ್ಲದೆ ತೀರಿಕೊಂಡಾಗ ಅದು ಎದುರಾಯಿತು. ವಿಕ್ಟೋರಿಯಾಳ ತಂದೆ ಎಡ್ವರ್ಡ್ ವಿಲಿಯಂನ ತಮ್ಮ, ಮೂರನೆಯ ಜಾರ್ಜನ ನಾಲ್ಕನೆಯ ಮಗ. ಆತ 1820ರಲ್ಲಿಯೇ ನಿಧನನಾಗಿದ್ದ. ಬ್ರಿಟನ್ನಿನ ನಿಯಮ ಅಕ್ಕತಂಗಿಯರಿಗಿಂತ ಅಣ್ಣತಮ್ಮಂದಿರಿಗೆ ಮೊದಲ ಹಕ್ಕು ಕೊಡುತ್ತಿತ್ತಾದರೂ, ತೀರಿಕೊಂಡವನ ಸ್ಥಾನವನ್ನು ಅವನ ಮಗಳಿಗೇ ಕೊಡುತ್ತಿತ್ತು, ಅವನ ತಮ್ಮನಿಗಲ್ಲ. ಹಾಗಾಗಿ ಅಂದು ಬೆಳಗಿನ ಆರು ಗಂಟೆಗೆ ಕೆನ್ಸಿಂಗ್ಟನ್ ಅರಮನೆಯಲ್ಲಿ ಹದಿನೆಂಟರ ಹುಡುಗಿಯನ್ನು ಎಬ್ಬಿಸಿದರು. ರಾತ್ರಿಯುಡುಪಿನ ಮೇಲೊಂದು ನಿಲುವಂಗಿ ತೊಟ್ಟು ಒಬ್ಬಳೇ ಹೊರಬಂದ ಅವಳಿಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮತ್ತು ಅರಮನೆಯ ಹಿರಿಯ ಅಧಿಕಾರಿ ಸುದ್ದಿ ತಿಳಿಸಿದರು.

ಹ್ಯಾನೋವರ್ ಮಾತ್ರ ಅವಳ ಚಿಕ್ಕಪ್ಪ, ಮೂರನೆಯ ಜಾರ್ಜನ ಐದನೆಯ ಮಗ ಅರ್ನೆಸ್ಟ್ ಆಗಸ್ಟಸ್‌ನ ಪಾಲಾಯಿತು. ಈ ಬದಲಾವಣೆಯ ಬೆಲೆ ತೆತ್ತವರು ಅಲ್ಲಿನ ಜನ ಎಂಬುದನ್ನು ಮರೆಯಬಾರದು: ಹೊಸ ದೊರೆ ಅದೇ ವರ್ಷ 1833ರ ಸಂವಿಧಾನವನ್ನು ರದ್ದುಮಾಡಿದ, ಪ್ರತಿಭಟಿಸಿದ ಗಟ್ಟಿಂಗೆನ್ ವಿಶ್ವವಿದ್ಯಾಲಯದ ಏಳು ಪ್ರಾಧ್ಯಾಪಕರನ್ನು ವಜಾಮಾಡಿದ. ಜಾನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಿಬ್ಬರೂ ಆ ಏಳು ಮಂದಿಯಲ್ಲಿದ್ದರು.